ದಾಸೋಹವೂ ವಿದ್ಯೆಯೂ: ಕರಾವಳಿಯಲ್ಲಿ ಸಮಾಜಕಾರ್ಯ ಶಿಕ್ಷಣ ಬೆಳೆದುಬಂದ ಬಗೆ

ಪರೋಪಕಾರಕ್ಕೆ ಪಾಠಶಾಲೆ ಬೇಕೆ? ಹಸಿದವನಿಗೆ ಅನ್ನವಿಕ್ಕುವುದಕ್ಕೂ ದಿಕ್ಕಿಲ್ಲದವನಿಗೆ ಆಶ್ರಯ ನೀಡುವುದಕ್ಕೂ ವಿಶ್ವವಿದ್ಯಾನಿಲಯದ ಪದವಿ ಏತಕ್ಕೆ? ಹೀಗೆ ಕೇಳುವವರು ನಮ್ಮ ಭಕ್ತಸಮೂಹದಲ್ಲಿ ಇಂದಿಗೂ ಅನೇಕರಿದ್ದಾರೆ. ಕಾಯಕ, ದಾಸೋಹಗಳನ್ನು ಬಾಳಿನ ಆಧಾರವೆಂದು ನಂಬಿ ಬಂದ ಸಮಾಜಕ್ಕೆ ಈ ಪ್ರಶ್ನೆ ಸಹಜವಾದುದೇ ಆಗಿದೆ. ಮಠಗಳು ಶತಮಾನಗಳಿಂದ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿವೆ. ಅದಕ್ಕಾಗಿ ಯಾವ ಸ್ವಾಮಿಗಳೂ ಪರೀಕ್ಷೆಗೆ ಕುಳಿತವರಲ್ಲ. ಆದರೂ ಸೇವೆ ಎಂಬುದು ಕಳೆದ ಒಂದೂಕಾಲು ಶತಮಾನದಲ್ಲಿ ಕಲಿಯಬೇಕಾದ, ಕಲಿಸಬಹುದಾದ ಒಂದು ವಿದ್ಯೆಯಾಗಿ ಬೆಳೆದು ನಿಂತಿದೆ. ಅದು ಹೇಗೆ ಬೆಳೆಯಿತು, ನಮ್ಮ ಕರಾವಳಿಗೆ ಯಾವಾಗ ಬಂದಿತು, ನಮ್ಮ ಮಠಗಳಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ದೂರದ ದೇಶಗಳ ಮಾತಿಗೆ ಮೊದಲು ನಮ್ಮ ನಾಡಿನದೇ ಒಂದು ಊರನ್ನು ನೋಡೋಣ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಬೆಳ್ಳಾರೆ ಇಂದು ಅಡಿಕೆ, ರಬ್ಬರು ತೋಟಗಳ ನಡುವಣ ಒಂದು ಪೇಟೆ. ವೀರಶೈವರಾದ ಹಾಲೇರಿ ಅರಸರು ಕೊಡಗನ್ನು ಆಳುತ್ತಿದ್ದ ಕಾಲದಲ್ಲಿ ಅಮರ ಸುಳ್ಯ, ಬೆಳ್ಳಾರೆ, ಪಂಜ ಮೊದಲಾದ ಸೀಮೆಗಳು ಅವರ ಆಡಳಿತಕ್ಕೆ ಸೇರಿದ್ದವು. ರೈತರು ಕಂದಾಯವನ್ನು ಬೆಳೆದ ಧಾನ್ಯದ ರೂಪದಲ್ಲಿ ಸಲ್ಲಿಸುತ್ತಿದ್ದರು. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಈ ಸೀಮೆಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿ, ಕಂದಾಯವನ್ನು ನಗದಾಗಿಯೇ ತೆರಬೇಕೆಂದು ವಿಧಿಸಿತು. ಕೈಯಲ್ಲಿ ನಾಣ್ಯವಿಲ್ಲದ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ಮೂರೇ ವರ್ಷಗಳಲ್ಲಿ ಆ ಅಸಮಾಧಾನ ಹೊತ್ತಿ ಉರಿಯಿತು. ೧೮೩೭ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ನೇತೃತ್ವದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಕಲ್ಯಾಣಸ್ವಾಮಿ ಎಂಬ ಹೆಸರಿನ ಸುತ್ತ ಕೂಡಿದ ಆ ದಂಡು ಏಪ್ರಿಲ್ ೫ರಂದು ಮಂಗಳೂರನ್ನು ಹಿಡಿದು, ಸುಮಾರು ಹದಿಮೂರು ದಿನಗಳ ಕಾಲ ಅದನ್ನು ತನ್ನ ಕೈಯಲ್ಲಿಟ್ಟುಕೊಂಡಿತ್ತು.

ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಶೌರ್ಯದ ಕಥೆಯಾಗಿ ಕೇಳುತ್ತೇವೆ, ಅದು ಯುಕ್ತವೇ. ಆದರೆ ಇನ್ನೊಂದು ಪಾಠವೂ ಇದರಲ್ಲಿ ಅಡಗಿದೆ. ಭತ್ತ ಬೆಳೆಯುವ ಮನೆಯಲ್ಲಿ ವರ್ಷದ ಯಾವ ತಿಂಗಳಲ್ಲಿ ಹಣವಿರುತ್ತದೆ, ಯಾವ ತಿಂಗಳಲ್ಲಿ ಇರುವುದಿಲ್ಲ ಎಂಬ ಅರಿವಿಲ್ಲದೆ ಕಚೇರಿಯಲ್ಲಿ ಕುಳಿತು ಬರೆದ ಒಂದು ನಿಯಮ ಇಡೀ ಸೀಮೆಯನ್ನು ಸಾಲಕ್ಕೆ ದೂಡಿತು. ಜನರ ಬಾಳನ್ನು ತಿಳಿಯದೆ ಹೊರಡಿಸಿದ ಆಜ್ಞೆ ಹೇಗೆ ಕೆಡುಕುಂಟುಮಾಡುವುದೋ, ಜನರ ಬಾಳನ್ನು ತಿಳಿಯದೆ ಮಾಡುವ ಉಪಕಾರವೂ ಕೆಲವೊಮ್ಮೆ ಹಾಗೆಯೇ ಕೆಡುಕುಂಟುಮಾಡಬಲ್ಲುದು. ಸಮಾಜಕಾರ್ಯ ಎಂಬ ವಿದ್ಯೆ ಹುಟ್ಟಿದ್ದು ಈ ಎರಡನೆಯ ಮಾತು ಮನುಷ್ಯರಿಗೆ ಅರಿವಾದಾಗಲೇ.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ಧರ್ಮಸಂಸ್ಥೆಗಳಿಗೆ ಕೊರತೆ ಇರಲಿಲ್ಲ. ದಾನ ಹೆಚ್ಚಿದರೂ ದಾರಿದ್ರ್ಯ ತಗ್ಗದಿರುವುದನ್ನು ಕಂಡ ಕೆಲವರು ೧೮೬೯ರಲ್ಲಿ ದಾನಗಳನ್ನು ಸಂಘಟಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಪ್ರತಿಯೊಂದು ಕುಟುಂಬವನ್ನೂ ಭೇಟಿಮಾಡಿ, ವಿಚಾರಿಸಿ, ಬರೆದಿಟ್ಟು, ಬಳಿಕ ನೆರವಾಗಬೇಕೆಂಬುದು ಅವರ ಕ್ರಮ. ಅವರ ವಿಚಾರಣೆಯಲ್ಲಿ ಬಡವರನ್ನು 'ಯೋಗ್ಯರು', 'ಅಯೋಗ್ಯರು' ಎಂದು ವಿಂಗಡಿಸುವ ಕಾಠಿಣ್ಯವೂ ಇತ್ತೆಂಬುದನ್ನು ಮರೆಯಬಾರದು. ಇದಕ್ಕೆ ಉತ್ತರವೆಂಬಂತೆ ಮತ್ತೊಂದು ಮಾರ್ಗ ಹುಟ್ಟಿತು. ೧೮೮೪ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲ್, ೧೮೮೯ರಲ್ಲಿ ಶಿಕಾಗೋದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅವರು ಆರಂಭಿಸಿದ ಹಲ್ ಹೌಸ್ ಈ ಮಾರ್ಗದವು. ಓದಿದವರು ಬಡವರ ಕೇರಿಯಲ್ಲಿಯೇ ನೆಲಸಿ, ಅವರ ನೆರೆಹೊರೆಯವರಾಗಿ ಬಾಳುವುದು ಇಲ್ಲಿನ ಪದ್ಧತಿ. ೧೮೯೮ರಲ್ಲಿ ನ್ಯೂಯಾರ್ಕಿನಲ್ಲಿ ಬೇಸಗೆಯ ತರಬೇತಿ ಶಿಬಿರವೊಂದು ನಡೆಯಿತು. ಮರುವರ್ಷವೇ ಆಮ್‌ಸ್ಟರ್‌ಡಾಮಿನಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ೧೯೧೭ರಲ್ಲಿ ಮೇರಿ ರಿಚ್ಮಂಡ್ ಎಂಬಾಕೆ, ಒಂದು ಕುಟುಂಬದ ಕಷ್ಟದ ಮೂಲವನ್ನು ಹೇಗೆ ಕಂಡುಹಿಡಿಯಬೇಕೆಂಬ ವಿಷಯದ ಮೇಲೆ ದೊಡ್ಡ ಗ್ರಂಥವೊಂದನ್ನೇ ಬರೆದಳು. ವೈದ್ಯನು ರೋಗವನ್ನು ಪರೀಕ್ಷಿಸುವಂತೆ ಕಷ್ಟವನ್ನೂ ಪರೀಕ್ಷಿಸಬಹುದೆಂಬ ನಿಲುವು ಅಲ್ಲಿಗೆ ನೆಲೆಗೊಂಡಿತು.

ಅದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಶಾಲೆಯಿಲ್ಲದೆಯೇ ಈ ಕೆಲಸವನ್ನು ಮಾಡುತ್ತಿದ್ದ ಮಹನೀಯರಿದ್ದರು. ಕುದ್ಮಲ್ ರಂಗರಾಯರು (೧೮೫೯-೧೯೨೮) ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತ ವರ್ಗಗಳ ಉದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವಕೀಲಿ ವೃತ್ತಿಯವರಾದ ಅವರು ಸ್ವಜನರ ಬಹಿಷ್ಕಾರವನ್ನು ಎದುರಿಸಿ, ಶಾಲೆ, ವಿದ್ಯಾರ್ಥಿನಿಲಯ, ಕೈಕಸುಬಿನ ತರಬೇತಿ, ವಸತಿ ಎಲ್ಲವನ್ನೂ ಒಂದರೊಡನೊಂದು ಹೆಣೆದರು. ಅಕ್ಷರ ಮಾತ್ರ ಕಲಿಸಿದರೆ ಸಾಲದು, ಹೊಟ್ಟೆಗೂ ತಲೆಯ ಮೇಲಿನ ಸೂರಿಗೂ ದಾರಿಯಾಗಬೇಕೆಂಬುದನ್ನು ಅವರು ಅನುಭವದಿಂದಲೇ ಅರಿತರು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು (೧೮೮೦-೧೯೬೭) ೧೯೦೯ರಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ೧೯೧೪ರಲ್ಲಿ ದಕ್ಷಿಣ ಕನ್ನಡದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲಿಯೇ. ೧೮೩೭ರಲ್ಲಿ ನಗದಿಗಾಗಿ ಬವಣೆಪಟ್ಟ ಸೀಮೆಯ ಮಗ್ಗುಲಲ್ಲಿಯೇ, ಮುಕ್ಕಾಲು ಶತಮಾನದ ತರುವಾಯ ರೈತನಿಗೆ ನ್ಯಾಯವಾದ ಬಡ್ಡಿಗೆ ಸಾಲ ದೊರಕಿಸುವ ಸಂಸ್ಥೆಯೊಂದು ತಲೆಯೆತ್ತಿತೆಂಬುದು ಗಮನಾರ್ಹ.

ಈ ಇಬ್ಬರು ಮಹನೀಯರ ಕಾರ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ದೊರೆಯುತ್ತದೆ. ಸಹಕಾರದ ಕಾರ್ಯವು ಊರಿಂದೂರಿಗೆ ಹಬ್ಬಿತು. ಏಕೆಂದರೆ ಅದರಲ್ಲಿ ಲೆಕ್ಕದ ಪುಸ್ತಕವಿತ್ತು, ಉಪವಿಧಿಗಳಿದ್ದವು, ತನಿಖೆಯಿತ್ತು. ಒಬ್ಬರಿಂದ ಇನ್ನೊಬ್ಬರು ಕಲಿಯಬಹುದಾದ ಕ್ರಮವಿತ್ತು. ಮೊಳಹಳ್ಳಿಯವರು ಇಲ್ಲದ ಊರಿನಲ್ಲಿಯೂ ಸಂಘ ನಡೆಯಬಲ್ಲುದಾಗಿತ್ತು. ರಂಗರಾಯರ ಅಂತಃಕರಣಕ್ಕಾದರೋ ಅಂತಹ ಪುಸ್ತಕವಿರಲಿಲ್ಲ. ಹೆದರಿದ ತಾಯಿಯನ್ನು ಒಪ್ಪಿಸಿ ಮಗುವನ್ನು ಶಾಲೆಗೆ ಕರೆತರುವ ಬಗೆ, ಅವಮಾನಕ್ಕೆ ಒಳಗಾದವನ ಬಳಿ ಕುಳಿತು ಮಾತನಾಡುವ ಬಗೆ, ಇವು ಅವರ ಬಳಿ ಇದ್ದ ಸಂಪತ್ತು. ಇಂತಹ ಸಂಪತ್ತನ್ನು ಮುಂದಿನವರಿಗೆ ದಾಟಿಸುವುದು ಹೇಗೆ? ಒಬ್ಬನ ಕರುಣೆ ಅವನೊಡನೆಯೇ ಮುಗಿದುಹೋಗದಂತೆ ಅದರೊಳಗಿನ ಜಾಣ್ಮೆಯನ್ನು ಕ್ರಮಬದ್ಧವಾಗಿ ಕಲಿಸುವ ಪ್ರಯತ್ನಕ್ಕೆ ಸಮಾಜಕಾರ್ಯ ಶಿಕ್ಷಣ ಎಂದು ಹೆಸರು.

ಭಾರತದಲ್ಲಿ ಈ ಪ್ರಯತ್ನ ಮುಂಬಯಿಯಲ್ಲಿ ಮೊದಲಾಯಿತು. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬ ಪಾದ್ರಿ ಗಿರಣಿ ಕೆಲಸಗಾರರೂ ಬಡವರೂ ವಾಸಿಸುತ್ತಿದ್ದ ನಾಗಪಾಡಾದಲ್ಲಿ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದರು. ಆ ಅನುಭವದಿಂದ ತರಬೇತಿಯ ಅವಶ್ಯಕತೆ ಮನವರಿಕೆಯಾಗಿ, ೧೯೩೬ರಲ್ಲಿ ಸರ್ ದೊರಾಬ್ಜಿ ಟಾಟಾ ನಿಧಿಯ ನೆರವಿನಿಂದ ದೇಶದ ಮೊದಲನೆಯ ಸಮಾಜಕಾರ್ಯ ಶಾಲೆ ತೆರೆಯಿತು. ೧೯೪೪ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆದು, ೧೯೬೪ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನಮಾನವನ್ನು ಗಳಿಸಿತು. ಸ್ವಾತಂತ್ರ್ಯಾನಂತರ ಈ ವಿದ್ಯೆಗೆ ಬೇಡಿಕೆ ಎರಡು ಕಡೆಗಳಿಂದ ಬಂದಿತು. ೧೯೪೮ರ ಕಾರ್ಖಾನೆಗಳ ಕಾಯ್ದೆಯು ಐದುನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು ವಿಧಿಸಿತು. ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ, ೧೯೫೩ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹಳ್ಳಿಗಳ ಕಡೆಗೆ ಮುಖಮಾಡಿದವು. ಕಾರ್ಖಾನೆಯೋ ಹಳ್ಳಿಯೋ ಎಂಬ ಈ ಎಳೆದಾಟವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಪರಿಣಾಮವನ್ನು ಕಾಣಲಿದ್ದೇವೆ.

ಕರಾವಳಿಗೆ ಈ ವಿದ್ಯೆ ಬಂದುದು ೧೯೬೦ರಲ್ಲಿ. ಆ ವರ್ಷ ಮಂಗಳೂರಿನಲ್ಲಿ ರೋಶನಿ ನಿಲಯ ಎಂದು ಪ್ರಸಿದ್ಧವಾದ ಸಮಾಜಕಾರ್ಯ ಶಾಲೆ ಆರಂಭವಾಯಿತು. ಫ್ರಾನ್ಸಿನ ಮಹಾಕ್ರಾಂತಿಯ ಗೊಂದಲದ ಕಾಲದಲ್ಲಿ, ೧೭೯೦ರಲ್ಲಿ ಹುಟ್ಟಿದ 'ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ' ಎಂಬ ಕ್ರೈಸ್ತ ಸಹೋದರಿಯರ ಸಂಘ ಇದರ ಸ್ಥಾಪಕ ಸಂಸ್ಥೆ. ಸಂಸ್ಥೆಯನ್ನು ಅದರ ಮೊದಲ ದಿನಗಳಲ್ಲಿ ಕಟ್ಟಿ ಬೆಳೆಸಿದವರಲ್ಲಿ ಡಾ. ಒಲಿಂಡಾ ಪಿರೇರಾ ಅವರ ಹೆಸರು ಸ್ಮರಣೀಯ. ಸ್ತ್ರೀಯರೇ ನಿಂತು ನಡೆಸಿದ ಈ ಶಾಲೆ ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ ಹಿರಿಯ ಸಂಸ್ಥೆಗಳಲ್ಲೊಂದು. ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಈ ಭಾಗದಲ್ಲಿ ಉನ್ನತ ಶಿಕ್ಷಣ ಹರಡಿತು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿಯೂ, ಕುರುಂಜಿ ವೆಂಕಟ್ರಮಣ ಗೌಡರು ೧೯೭೬ರಲ್ಲಿ ಸುಳ್ಯದಲ್ಲಿ ಸ್ಥಾಪಿಸಿದ ನೆಹರು ಮೆಮೋರಿಯಲ್ ಕಾಲೇಜಿನಲ್ಲಿಯೂ ಸಮಾಜಕಾರ್ಯ ವಿಭಾಗಗಳು ತಲೆಯೆತ್ತಿದವು. ಬೆಳ್ಳಾರೆಯ ತರುಣಿಯೊಬ್ಬಳು ಈ ವಿದ್ಯೆಯನ್ನು ಕಲಿಯಲು ಮುಂಬಯಿಗೆ ಹೋಗಬೇಕಾಗಿದ್ದ ಕಾಲ ಹೀಗೆ ಕಳೆಯಿತು.

ಈ ಶಾಲೆಗಳಲ್ಲಿ ಕಲಿಸುವುದೇನು? ಸಮಾಜಶಾಸ್ತ್ರ, ಮನಃಶಾಸ್ತ್ರ, ಅರ್ಥಶಾಸ್ತ್ರ, ಕಾನೂನುಗಳ ತಿಳಿವಳಿಕೆಯೊಂದಿಗೆ ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಎಂಬ ಮೂರು ಮುಖ್ಯ ವಿಧಾನಗಳನ್ನು ಕಲಿಸುತ್ತಾರೆ. ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ ಇವು ಪೂರಕ ವಿಧಾನಗಳು. ಆದರೆ ಈ ಶಿಕ್ಷಣದ ಜೀವಾಳವಿರುವುದು ಕ್ಷೇತ್ರಕಾರ್ಯದಲ್ಲಿ. ವಿದ್ಯಾರ್ಥಿಯು ವಾರದ ಕೆಲವು ದಿನಗಳನ್ನು ಆಸ್ಪತ್ರೆಯಲ್ಲೋ ಬಾಲಮಂದಿರದಲ್ಲೋ ಹಳ್ಳಿಯಲ್ಲೋ ಕಳೆಯಬೇಕು. ಕಂಡದ್ದನ್ನೂ ಕೇಳಿದ್ದನ್ನೂ ತಾನು ಆಡಿದ ಮಾತನ್ನೂ ಬರೆದು ಮಾರ್ಗದರ್ಶಕರಿಗೆ ಒಪ್ಪಿಸಬೇಕು. 'ಇಲ್ಲಿ ನೀನು ಅವಳ ಮಾತನ್ನು ಅರ್ಧಕ್ಕೆ ತಡೆದೆಯಲ್ಲ, ಏಕೆ?' ಎಂದು ಗುರುಗಳು ಕೇಳುತ್ತಾರೆ. ನಮ್ಮ ಪರಂಪರೆಯ ಗುರುಕುಲದಲ್ಲಿ ಶಿಷ್ಯನ ನಡೆಯನ್ನು ಗುರುವು ತಿದ್ದುತ್ತಿದ್ದ ಬಗೆಗೆ ಇದು ಬಹಳ ಹತ್ತಿರದ್ದು. ಕೇಳಿದ ಗುಟ್ಟನ್ನು ಹೊರಗೆ ಆಡದಿರುವುದು, ನೆರವು ಪಡೆಯುವವನ ಪರವಾಗಿ ತಾನೇ ತೀರ್ಮಾನಿಸದಿರುವುದು, ಅವನ ಜಾತಿ, ನಡತೆಗಳನ್ನು ಅಳೆಯದೆ ಅವನನ್ನು ಇದ್ದಂತೆ ಸ್ವೀಕರಿಸುವುದು ಈ ವೃತ್ತಿಯ ನೀತಿಗಳು. ಮಾನವರಲ್ಲಿ ಮೇಲುಕೀಳೆಣಿಸದ ಶರಣರ ಮಾರ್ಗದವರಿಗೆ ಇವು ಹೊಸವೆನಿಸಲಾರವು. ಆದರೆ ನಿತ್ಯದ ನಡೆಯಲ್ಲಿ ಇವನ್ನು ಅಭ್ಯಾಸ ಮಾಡಿಸುವ ಏರ್ಪಾಡು ನಮ್ಮಲ್ಲಿ ಎಷ್ಟಿದೆ ಎಂಬುದನ್ನು ಯೋಚಿಸಬೇಕು.

ಇಂತಹ ತರಬೇತಿಯ ಅಗತ್ಯ ಎಷ್ಟೆಂಬುದಕ್ಕೆ ಸುಳ್ಯ, ಪುತ್ತೂರು ಸೀಮೆಯ ಎರಡು ನಿದರ್ಶನಗಳು ಸಾಕು. ೧೯೬೪ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಸಿಂಹಳದ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳರಲ್ಲಿ ೫,೨೫,೦೦೦ ಮಂದಿಯನ್ನು ಭಾರತವು ಸ್ವೀಕರಿಸಲು ಒಪ್ಪಿತು. ಹೀಗೆ ಬಂದವರಲ್ಲಿ ಅನೇಕ ಕುಟುಂಬಗಳಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸವನ್ನೂ ವಸತಿಯನ್ನೂ ಕೊಡಲಾಯಿತು. ತಲೆಮಾರುಗಳ ಹಿಂದೆ ಬಿಟ್ಟುಹೋದ ದೇಶಕ್ಕೆ ಮರಳಿದರೂ ಅವರು ಬಂದು ಸೇರಿದ್ದು ಭಾಷೆ ಬಾರದ ಕಾಡಿನ ನಡುವಣ ಊರಿಗೆ. ಅವರಿಗೆ ಕೂಲಿ ದೊರೆಯಿತು. ಆದರೆ ಜಾತಿ ಪ್ರಮಾಣಪತ್ರದಂತಹ ಕಾಗದಪತ್ರಗಳಿಗಾಗಿ ಅವರ ಮಕ್ಕಳೂ ಮೊಮ್ಮಕ್ಕಳೂ ಅಲೆದಾಡಬೇಕಾಯಿತು. ಮನೆ ಕಟ್ಟಿಕೊಟ್ಟ ಮಾತ್ರಕ್ಕೆ ಪುನರ್ವಸತಿ ಮುಗಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಕಚೇರಿಗೂ ತೋಟದ ಸಾಲುಮನೆಗೂ ನಡುವೆ ನಡೆದಾಡುವ, ಎರಡೂ ಕಡೆಯ ಮಾತು ಬಲ್ಲ ಒಬ್ಬ ಕಾರ್ಯಕರ್ತ ಇಂತಹ ಕಡೆ ಅತ್ಯಗತ್ಯ.

ಎರಡನೆಯದು ಇನ್ನೂ ದುಃಖಕರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸುವ ಪದ್ಧತಿ ಕಾಸರಗೋಡಿನ ಪಡ್ರೆ ಮೊದಲಾದ ಗ್ರಾಮಗಳಲ್ಲಿಯೂ ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗಗಳಲ್ಲಿಯೂ ಸುಮಾರು ೨೦೦೦ದವರೆಗೆ ನಡೆಯಿತು. ೨೦೧೧ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. ಈ ಭಾಗದ ಅನೇಕ ಮನೆಗಳಲ್ಲಿ ನಡೆಯಲಾಗದ, ಮಾತನಾಡಲಾಗದ ಮಕ್ಕಳು ದೊಡ್ಡವರಾಗಿದ್ದಾರೆ. ಅವರನ್ನು ಎತ್ತಿ ಆಡಿಸಿದ ತಾಯಂದಿರು ಮುದುಕಿಯರಾಗಿದ್ದಾರೆ. ಸರ್ಕಾರದ ಮಾಸಾಶನವಿದೆ, ಕೊಕ್ಕಡದಲ್ಲಿ ಪಾಲನಾ ಕೇಂದ್ರವೂ ಹುಟ್ಟಿತು. ದಾನಿಗಳೂ ಹೋಗುತ್ತಾರೆ, ಅಕ್ಕಿ, ಬಟ್ಟೆ ಹಂಚುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಅವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ 'ನನ್ನ ಕಾಲಾನಂತರ ಇವನನ್ನು ಯಾರು ನೋಡುತ್ತಾರೆ?' ಎಂಬ ತಾಯಿಯ ಪ್ರಶ್ನೆಗೆ ಅಕ್ಕಿಯ ಚೀಲ ಉತ್ತರವಾಗಲಾರದು. ಆ ಪ್ರಶ್ನೆ ಅವಳ ಬಾಯಿಂದ ಹೊರಡಬೇಕಾದರೇ ಯಾರಾದರೂ ಮತ್ತೆ ಮತ್ತೆ ಹೋಗಿ, ಅವಸರವಿಲ್ಲದೆ ಕುಳಿತು ಕೇಳಬೇಕು. ಬಳಿಕ ಪಾಲಕತ್ವದ ಕಾನೂನು, ಅಂಗವೈಕಲ್ಯದ ಪ್ರಮಾಣಪತ್ರ, ಮನೆಗೆ ಬರುವ ಶುಶ್ರೂಷೆ, ತಾಯಿಯ ಬಳಲಿದ ಮನಸ್ಸಿನ ಆರೈಕೆ ಇವೆಲ್ಲವನ್ನೂ ಒಂದು ಸೂತ್ರಕ್ಕೆ ತರಬೇಕು. ಇದು ಕರುಣೆಯ ಕೆಲಸವೂ ಹೌದು, ಕಲಿತವರ ಕೆಲಸವೂ ಹೌದು.

ಮನಸ್ಸಿನ ಆರೈಕೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ೧೯೭೪ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿಗೆ ದೇಶಕ್ಕೇ ಮಾದರಿಯಾಗಿದೆ. ಅದು ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಮಕ್ಕಳ ನ್ಯಾಯಕ್ಕೆ ಸಂಬಂಧಿಸಿದ ೨೦೧೫ರ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯಲ್ಲಿ ದಂಡಾಧಿಕಾರಿಯೊಡನೆ ಇಬ್ಬರು ಸಮಾಜಕಾರ್ಯಕರ್ತರು ಕುಳಿತುಕೊಳ್ಳಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಹೀಗೆ ಆಸ್ಪತ್ರೆ, ನ್ಯಾಯಾಲಯ, ಶಾಲೆ, ಪಂಚಾಯತಿಗಳಲ್ಲೆಲ್ಲ ಈ ವಿದ್ಯೆಗೆ ಸ್ಥಾನವಿದೆ.

ಇಷ್ಟಾದರೂ ಚಿತ್ರವೆಲ್ಲ ಉಜ್ವಲವಾಗಿದೆಯೆಂದು ಹೇಳಲಾಗದು. ಮೊದಲೇ ಹೇಳಿದ ಎಳೆದಾಟದಲ್ಲಿ ಕಾರ್ಖಾನೆಯ ಕಡೆಯ ಸೆಳೆತವೇ ಬಲವಾಯಿತು. ಕಾರ್ಮಿಕ ಕಲ್ಯಾಣಕ್ಕೆಂದು ತೆರೆದ ಬಾಗಿಲಿನಿಂದ ಸಿಬ್ಬಂದಿ ನಿರ್ವಹಣೆಯ ಉದ್ಯೋಗಕ್ಕೆ ಹೋದವರು ಅನೇಕರು. ವೇತನ ಅಲ್ಲಿದೆ, ಸಾಲ ಮಾಡಿ ಓದಿದ ಬಡವರ ಮಕ್ಕಳನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಹಳ್ಳಿಗಾದರೋ ವರ್ಷಕ್ಕೊಮ್ಮೆ ಶಿಬಿರ ಬರುತ್ತದೆ. ಶಿಬಿರ ಮುಗಿದೊಡನೆ ವಿದ್ಯಾರ್ಥಿಗಳು ಹೊರಟುಹೋಗುತ್ತಾರೆ. ವಕೀಲರಿಗೂ ವೈದ್ಯರಿಗೂ ಇರುವಂತಹ ಶಾಸನಬದ್ಧ ಪರಿಷತ್ತು ಒಟ್ಟು ಸಮಾಜಕಾರ್ಯ ವೃತ್ತಿಗೆ ಇನ್ನೂ ಒದಗಿಲ್ಲ. ೨೦೨೧ರ ಆರೋಗ್ಯ ಸಂಬಂಧಿ ವೃತ್ತಿಗಳ ಕಾಯ್ದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ಮಾತ್ರ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಭಾಷೆಯ ತೊಡಕೂ ಇದೆ. ಪಾಠಗಳ ಪರಿಭಾಷೆ ಬಹುಮಟ್ಟಿಗೆ ಇಂಗ್ಲಿಷಿನದು. ಬೆಳ್ಳಾರೆಯ ಮನೆಗಳಲ್ಲಿ ಜನರು ತಮ್ಮ ನೋವನ್ನು ಹೇಳಿಕೊಳ್ಳುವುದು ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿ ಮಾತಿನಲ್ಲಿ, ತೋಟದ ತಮಿಳಿನಲ್ಲಿ. ಅವರ ಮಾತಿನ ಒಳಹೊರಗನ್ನು ತಿಳಿಯದವನು ಎಷ್ಟು ಓದಿದ್ದರೂ ಕೇಳಲಾರ. ಆದುದರಿಂದ ಈ ಸೀಮೆಗೆ ಬೇಕಾದ ಕಾರ್ಯಕರ್ತರು ಈ ಸೀಮೆಯ ಮನೆಗಳಿಂದಲೇ ಬರಬೇಕು.

ಇಲ್ಲಿ ಮಠಗಳ ಪಾತ್ರವೇನು? ಜಂಗಮ ಎಂದರೆ ಚಲಿಸುವವನು. ಹಿಂದೆ ಜಂಗಮನು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದಾಗ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಮನೆಯಲ್ಲಿ ರೋಗಿ ಮಲಗಿದ್ದಾನೆ, ಯಾವ ಸೊಸೆಯ ಕಣ್ಣು ಕೆಂಪಾಗಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಭಿಕ್ಷೆಯು ಅವನಿಗೆ ಊರಿನ ಅರಿವನ್ನೂ ತಂದುಕೊಡುತ್ತಿತ್ತು. ಮಠಗಳು ದೊಡ್ಡವಾದಂತೆ ಭಕ್ತರೇ ಮಠಕ್ಕೆ ಬರತೊಡಗಿದರು. ಬರಲಾಗದವರ, ಬರಲು ನಾಚುವವರ ಸುದ್ದಿ ನಮಗೆ ತಲುಪುವುದು ಕಡಿಮೆಯಾಯಿತು. ಆ ಹಳೆಯ ನಡೆಯನ್ನು ಮರಳಿ ಪಡೆಯಲು ಈ ಹೊಸ ವಿದ್ಯೆ ನಮಗೆ ನೆರವಾಗಬಲ್ಲುದು.

ಆದುದರಿಂದ ಮಠಾಧೀಶರಲ್ಲಿಯೂ ಭಕ್ತರಲ್ಲಿಯೂ ನಮ್ಮದು ಮೂರು ವಿಜ್ಞಾಪನೆಗಳು. ಮೊದಲನೆಯದು, ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಒಲವುಳ್ಳವರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಈ ಶಿಕ್ಷಣಕ್ಕೆ ಕಳುಹಿಸಿ ವಿದ್ಯಾರ್ಥಿವೇತನ ಕೊಡಬೇಕು. ಓದಿ ಬಂದವರಿಗೆ ನಮ್ಮ ಸಂಸ್ಥೆಗಳಲ್ಲಿಯೇ ಗೌರವದ ವೇತನದೊಂದಿಗೆ ಕೆಲಸ ಕೊಡಬೇಕು. ಸೇವೆಯೆಂಬ ಹೆಸರಿನಲ್ಲಿ ಕಡಿಮೆ ಸಂಬಳ ಕೊಡುವುದು ಕಾಯಕಧರ್ಮಕ್ಕೆ ಒಪ್ಪುವ ಮಾತಲ್ಲ. ಎರಡನೆಯದು, ಸಮೀಪದ ಕಾಲೇಜುಗಳ ವಿದ್ಯಾರ್ಥಿಗಳಿಗೆ ನಮ್ಮ ದಾಸೋಹ ಭವನ, ಪ್ರಸಾದನಿಲಯ, ವೃದ್ಧಾಶ್ರಮಗಳು ಕ್ಷೇತ್ರಕಾರ್ಯದ ತಾಣಗಳಾಗಬೇಕು. ಅವರು ಬರೆದ ವರದಿಯಲ್ಲಿ ನಮ್ಮ ಕೊರತೆಗಳು ಕಂಡರೆ ಅಸಮಾಧಾನಪಡದೆ ಓದಬೇಕು. ಮೂರನೆಯದು, ನೆರವು ಬೇಡಿ ಬಂದವರ ವಿವರವನ್ನು ಕ್ರಮವಾಗಿ ಬರೆದಿಟ್ಟು, ಅದನ್ನು ಗುಟ್ಟಾಗಿ ಕಾಪಾಡಿ, ಆರು ತಿಂಗಳ ಬಳಿಕ ಅವರ ಮನೆಗೆ ಹೋಗಿ ನೋಡಿಬರುವ ಪದ್ಧತಿಯನ್ನು ಪ್ರತಿಯೊಂದು ಮಠವೂ ಇಟ್ಟುಕೊಳ್ಳಬೇಕು. ಇದಕ್ಕೆ ಹೆಚ್ಚು ಹಣ ಬೇಡ; ಒಂದು ಪುಸ್ತಕ, ನಂಬಿಗಸ್ತ ಕಾರ್ಯಕರ್ತ, ನಡೆಯುವ ಕಾಲುಗಳು ಇದ್ದರೆ ಸಾಕು.

ದಾಸೋಹದಲ್ಲಿ ನೀಡುವವನು ತಾನು ನೀಡುತ್ತಿದ್ದೇನೆಂಬ ಭಾವವನ್ನು ಬಿಡಬೇಕೆಂಬುದು ಶರಣರ ನಿಲುವು. ನೆರವು ಪಡೆದವನು ಮುಂದೆ ನೆರವಿನ ಹಂಗಿಲ್ಲದೆ ನಿಲ್ಲುವಂತಾಗಬೇಕೆಂಬುದು ಸಮಾಜಕಾರ್ಯದ ಗುರಿ. ಸುಮಾರು ಏಳುನೂರು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ನೆಲಗಳಲ್ಲಿ ಹುಟ್ಟಿದ ಈ ಎರಡು ವಿಚಾರಗಳು ಒಂದೇ ಕಡೆಗೆ ಬಂದು ಸೇರುತ್ತವೆ. ಓದುಗರು ತಮ್ಮ ಊರಿನ ಕಾಲೇಜಿನಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವ ಹುಡುಗ ಹುಡುಗಿಯರು ಬಾಗಿಲಿಗೆ ಬಂದಾಗ, ಇವರು ಏನನ್ನೋ ಬರೆದುಕೊಂಡು ಹೋಗುವವರೆಂದು ಕಡೆಗಣಿಸದೆ, ಒಳಗೆ ಕರೆದು ಕುಳ್ಳಿರಿಸಿ, ಊರಿನ ನಿಜಸ್ಥಿತಿಯನ್ನು ತಿಳಿಸಿಕೊಡಬೇಕು. ಅವರ ವಿದ್ಯೆ ಪಕ್ವವಾಗುವುದು ಅಂತಹ ಮನೆಗಳ ಜಗಲಿಯ ಮೇಲೆಯೇ.